ನಿಧಿಗೊಂದು ವಿಳಾಸ ಬೇಕು

ಕಣ್ಣಿಗೆ ಕಾಣುವ ಬೆಟ್ಟವನ್ನೆಲ್ಲ ಹತ್ತಬಹುದು ಎಂಬುದು ಓಪನ್ ವರ್ಲ್ಡ್ ಗೇಮ್‌ಗಳು ಕೊಡುವ ದೊಡ್ಡ ಭರವಸೆ. ಹತ್ತಿದ ಮೇಲೆ ಅಲ್ಲೇನಿದೆ? ಈ ಪ್ರಶ್ನೆಗೆ ಉತ್ತರಿಸುವುದು ಲೂಟ್‌ನ ವ್ಯವಸ್ಥೆ. ಗವಿ, ಗೋರಿ, ಪಾಳುಕೋಟೆಗಳಲ್ಲಿ ಆಟಗಾರ ಬಾಚಿಕೊಳ್ಳುವ ಕತ್ತಿ, ಕವಚ, ಮದ್ದು, ನಾಣ್ಯಗಳಿಗೆಲ್ಲ ಗೇಮರ್‌ಗಳು ಲೂಟ್ ಎನ್ನುತ್ತಾರೆ. ಅದನ್ನು ಎಲ್ಲಿ ಇಡಬೇಕು, ಯಾರ ಕೈಗೆ ಯಾವಾಗ ಸಿಗಬೇಕು ಎಂಬ ತೀರ್ಮಾನದ ಮೇಲೆ ಆ ಲೋಕದ ನಂಬಿಕೆಯೇ ನಿಂತಿದೆ. ಅಮೆರಿಕದ ಬೆಥೆಸ್ಡಾ ಸ್ಟುಡಿಯೊದ ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು.

ಕೈಯಾರೆ ಇಟ್ಟದ್ದು

ಈ ಸರಣಿಯ 2002ರ ಗೇಮ್ ‘ಮೊರೊವಿಂಡ್’ ನಡೆಯುವುದು ಜ್ವಾಲಾಮುಖಿಯ ದ್ವೀಪವೊಂದರಲ್ಲಿ. ಅಲ್ಲಿನ ಹೆಸರಾಂತ ವಸ್ತುಗಳನ್ನು ವಿನ್ಯಾಸಕಾರರು ಒಂದೊಂದಾಗಿ ಕೈಯಾರೆ ಇಟ್ಟಿದ್ದಾರೆ. ಕಾಲ್ಡೆರಾ ಊರಿನ ಹೊರಗಿನ ದಾರಿಯಲ್ಲಿ ಪೆಮೆನಿ ಎಂಬ ವ್ಯಾಪಾರಿ ಹೆಂಗಸು ಸಿಗುತ್ತಾಳೆ. ನಾರ್ ಮಾಕ್ ಎಂಬ ಊರಿನ ತನಕ ಕಾವಲಿಗೆ ಬಂದರೆ ತನ್ನ ಬೂಟುಗಳನ್ನು ಕೊಡುತ್ತಾಳೆ. ಅವನ್ನು ತೊಟ್ಟರೆ ವೇಗ 200 ಅಂಕ ಏರುತ್ತದೆ, ಕಣ್ಣು ಮಾತ್ರ ಪೂರ್ತಿ ಕತ್ತಲಾಗುತ್ತದೆ. ಮಾಂತ್ರಿಕ ಪ್ರಭಾವವನ್ನು ತಡೆಯಬಲ್ಲವರು ತೊಡುವ ಹೊತ್ತಿಗೆ ಆ ಶಕ್ತಿ ಬಳಸಿ ಕುರುಡನ್ನು ತಪ್ಪಿಸಿಕೊಳ್ಳಬಹುದು. ಆಟ ಈಗಷ್ಟೇ ಶುರುಮಾಡಿದವರಿಗೂ ಪಳಗಿದವರಿಗೂ ಆ ಬೂಟು ಒಂದೇ. ಹಾಗಾಗಿಯೇ ಅದು ಆ ಊರಿನ, ಆ ದಾರಿಯ, ಆ ಹೆಂಗಸಿನ ನೆನಪಾಗಿ ಉಳಿಯುತ್ತದೆ.

ಪಟ್ಟಿಯಿಂದ ಬಂದದ್ದು

2006ರ ‘ಒಬ್ಲಿವಿಯನ್’ ಬೇರೆ ದಾರಿ ಹಿಡಿಯಿತು. ಅಲ್ಲಿನ ಬಹುತೇಕ ಪೆಟ್ಟಿಗೆಗಳಲ್ಲಿ ವಸ್ತುವಿನ ಬದಲು ಒಂದು ಪಟ್ಟಿ ಇರುತ್ತದೆ. ಆಟಗಾರನ ಲೆವೆಲ್ (ಪಳಗಿದಂತೆ ಏರುವ ಹಂತ) ನೋಡಿ, ಆ ಲೆವೆಲ್‌ಗೆ ತಕ್ಕದ್ದನ್ನು ಕಂಪ್ಯೂಟರ್ ಆರಿಸುತ್ತದೆ. ಉದ್ದೇಶ ಒಳ್ಳೆಯದೇ ಇತ್ತು: ಯಾರು ಯಾವ ದಿಕ್ಕಿಗೆ ಹೋದರೂ ಆಟ ತೀರಾ ಕಷ್ಟವೂ ಆಗಬಾರದು, ತೀರಾ ಸುಲಭವೂ ಆಗಬಾರದು.

ಫಲ ಮಾತ್ರ ಬೇರೆಯಾಯಿತು. ಕೆಳಗಿನ ಲೆವೆಲ್‌ನಲ್ಲಿ ಭಯಂಕರ ಗವಿಯೊಂದನ್ನು ಜೀವ ಒತ್ತೆಯಿಟ್ಟು ಗೆದ್ದರೂ ಕೊನೆಯ ಪೆಟ್ಟಿಗೆಯಲ್ಲಿ ಸಿಗುವುದು ಮಾಮೂಲಿ ಕಬ್ಬಿಣ. ಬೆಟ್ಟ ಅಗೆದು ಇಲಿ ಹಿಡಿದಂತೆ. ಮೇಲಿನ ಲೆವೆಲ್‌ಗೆ ಏರಿದಾಗ ದಾರಿಗಳ್ಳರೂ ಅಮೂಲ್ಯವಾದ ಗಾಜಿನ ಕವಚ ತೊಟ್ಟು ಎದುರಾಗುತ್ತಾರೆ. ಅಪರೂಪ ಎನ್ನುವುದಕ್ಕೇ ಅರ್ಥ ಉಳಿಯುವುದಿಲ್ಲ. ಕ್ವೆಸ್ಟ್‌ಗಳಲ್ಲಿ (ಪಾತ್ರಗಳು ಒಪ್ಪಿಸುವ ಕೆಲಸಗಳಲ್ಲಿ) ಸಿಗುವ ಕತ್ತಿಗಳ ಬಲವೂ ಪಡೆದ ದಿನದ ಲೆವೆಲ್‌ಗೆ ನಿಂತುಬಿಡುತ್ತದೆ. ಕೊರೋಲ್ ಊರಿನ ಮುದುಕನೊಬ್ಬನ ಮಕ್ಕಳಿಗೆ ನೆರವಾದರೆ ‘ಚಿಲ್‌ರೆಂಡ್’ ಎಂಬ ಕತ್ತಿ ಬರುತ್ತದೆ. ಕರೆದ ಕೂಡಲೇ ಓಡಿ ಹೋದವನಿಗೆ ಅದರ ದುರ್ಬಲ ರೂಪ, ತಡಮಾಡಿ ಹೋದವನಿಗೆ ಪ್ರಬಲ ರೂಪ. ಹೊತ್ತಿಗೆ ಒದಗಿದವನಿಗೇ ನಷ್ಟವಾಗುವ ಈ ಲೆಕ್ಕ ಕಥೆಯ ಬೆನ್ನನ್ನೇ ಮುರಿಯುತ್ತದೆ.

2011ರ ‘ಸ್ಕೈರಿಮ್’ ಅರ್ಧ ತಿದ್ದಿಕೊಂಡಿತು. ಪ್ರದೇಶಗಳಿಗೆ ಲೆವೆಲ್‌ನ ಮಿತಿ ಬಂತು. ಆಟಗಾರ ಮೊದಲ ಸಲ ಕಾಲಿಟ್ಟಾಗ ಅಲ್ಲಿನ ಲೆವೆಲ್ ಸ್ಥಿರವಾಯಿತು. ಆದರೆ ಪೆಟ್ಟಿಗೆಯೊಳಗಿನ ಪಟ್ಟಿ ಹೋಗಲಿಲ್ಲ.

ಜಾಗವೇ ಸುಳಿವು

ಪೂರ್ತಿ ಉತ್ತರ ಜಪಾನಿನಿಂದ ಬಂತು. ಫ್ರಮ್‌ಸಾಫ್ಟ್‌ವೇರ್ ಸ್ಟುಡಿಯೊದ ‘ಎಲ್ಡನ್ ರಿಂಗ್’ (2022) ಗೇಮ್‌ನಲ್ಲಿ ಲೂಟ್‌ಗೂ ನೆಲಕ್ಕೂ ನಂಟಿದೆ. ಆಯುಧ ಹದಗೊಳಿಸುವ ಕಲ್ಲು ಬೇಕೆ? ಗಣಿಗೆ ಇಳಿಯಬೇಕು, ಗಣಿಯ ಬಾಯಿ ಎಲ್ಲಿದೆ ಎಂದು ನಕ್ಷೆಯನ್ನು ಗಮನವಿಟ್ಟು ನೋಡಿದರೆ ತಿಳಿಯುತ್ತದೆ. ಮದ್ದಿನ ಸೀಸೆ ಹೆಚ್ಚಿಸುವ ಬೀಜಗಳು ಹೊಳೆಯುವ ಹೊಂಬಣ್ಣದ ಸಸಿಗಳ ಬುಡದಲ್ಲಿ ಸಿಗುತ್ತವೆ. ಲೆವೆಲ್‌ನ ಬೀಗವೂ ಇಲ್ಲ: ಪ್ರಬಲ ಆಯುಧ ಬೇಗನೇ ಸಿಗಬಹುದು, ಆದರೆ ಅದನ್ನು ಸರಿಯಾಗಿ ಬೀಸಲು ಬೇಕಾದ ಶಕ್ತಿ, ಚುರುಕುತನವನ್ನು ಆಟಗಾರ ಗಳಿಸಿಕೊಳ್ಳಲೇಬೇಕು. ಆರಂಭದ ಪ್ರದೇಶದ ಪಾಳು ಕಟ್ಟಡದಲ್ಲಿ ಒಂದು ಪೆಟ್ಟಿಗೆಯಿದೆ. ಮುಚ್ಚಳ ತೆಗೆದರೆ ಅದು ಆಟಗಾರನನ್ನು ಕೇಲಿಡ್ ಎಂಬ ಘೋರ ನಾಡಿನ ಗಣಿಗೆ ಎಸೆಯುತ್ತದೆ. ಆಮೇಲೆ ಯಾವ ಪೆಟ್ಟಿಗೆಯನ್ನೂ ಯೋಚಿಸದೆ ಮುಟ್ಟುವುದಿಲ್ಲ.

ನಿಂಟೆಂಡೊದ ‘ಬ್ರೆತ್ ಆಫ್ ದಿ ವೈಲ್ಡ್’ (2017) ಇನ್ನೊಂದು ಜಾಣ್ಮೆ ತೋರಿತು. ಅಲ್ಲಿ ಆಯುಧಗಳು ಮುರಿಯುತ್ತವೆ. ಬಲವಾದ ಕತ್ತಿ ಮೊದಲೇ ಸಿಕ್ಕರೂ ಆಟದ ಸಮತೋಲ ಕೆಡದು. ಚೀಲ ದೊಡ್ಡದಾಗಿಸುವ 900 ಕೊರೊಕ್ ಬೀಜಗಳು ಎಲ್ಲೆಡೆ ಅಡಗಿದ್ದರೂ, ಚೀಲ ಪೂರ್ತಿ ದೊಡ್ಡದಾಗಲು 441 ಸಿಕ್ಕರೆ ಸಾಕು. ಯಾವ ಮೂಲೆಗೆ ಹೋದರೂ ಬರಿಗೈಯಲ್ಲಿ ಮರಳಬಾರದೆಂಬ ಧಾರಾಳ ಅದು.

ಸಾವಿರಾರು ಪೆಟ್ಟಿಗೆಗಳನ್ನು ಕೈಯಿಂದ ತುಂಬಿಸಲು ಹೆಚ್ಚು ಜನ, ಹೆಚ್ಚು ಸಮಯ ಬೇಕು, ನಿಜ. ನಾಣ್ಯ, ಸೊಪ್ಪು, ಬಾಣಗಳನ್ನು ಪಟ್ಟಿಗೆ ಬಿಡೋಣ. ಹೆಸರಿರುವ ವಸ್ತುವನ್ನು ಮಾತ್ರ ಮನುಷ್ಯರೇ ಇಡಲಿ. ನಮ್ಮಲ್ಲೂ ಗೇಮ್ ಕಟ್ಟುವ ಕನಸಿನ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಒಂದೇ ಕೋರಿಕೆ: ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ಯೋಚಿಸುವ ಮುನ್ನ, ಅದನ್ನು ಅಲ್ಲಿ ಯಾರು, ಯಾಕೆ ಬಿಟ್ಟುಹೋದರು ಎಂಬುದನ್ನು ತೀರ್ಮಾನಿಸಿ.