ಹಿಡಿ ಕಳಚಿದರೆ ಕಾಣುವ ಉಕ್ಕು

1945ರ ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ಜಪಾನಿ ಸೇನೆ ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಸೋತ ಅಧಿಕಾರಿಗಳು ತಮ್ಮ ಕತ್ತಿಗಳನ್ನು ಎಲ್ಲರೆದುರೇ ಒಪ್ಪಿಸಬೇಕೆಂಬುದು ಮೌಂಟ್‌ಬ್ಯಾಟನ್ ಹಟ. ನವೆಂಬರ್ 30ರಂದು ಸೈಗಾನ್‌ನಲ್ಲಿ ಫೀಲ್ಡ್ ಮಾರ್ಷಲ್ ತೆರಾವುಚಿ ಕೂಡ ಒಪ್ಪಿಸಿದರು. ಇನ್ನೆಷ್ಟೋ ಕತ್ತಿಗಳು ಗೆದ್ದ ಸೈನಿಕರ ಟ್ರಂಕು ಸೇರಿ ದೇಶ ದೇಶ ಸುತ್ತಿದವು.

ಅವೆಲ್ಲ ಸಮುರಾಯಿಗಳ ಕಾಲದವಲ್ಲ. 1935ರ ಮಾದರಿಯ, ಹವಾಲ್ದಾರ್ ದರ್ಜೆಯವರ ಕತ್ತಿಯನ್ನು ನೋಡಿ: ಹಿಡಿಗೆ ದಾರ ಸುತ್ತಿದಂತೆ ಕಾಣುತ್ತದೆ, ಮುಟ್ಟಿದರೆ ಎರಕದ ಅಲ್ಯೂಮಿನಿಯಂ! ಅಲಗಿನ ಮೇಲೆ ಕ್ರಮಸಂಖ್ಯೆ ಬೇರೆ.

ಸಾಂಪ್ರದಾಯಿಕ ಕತ್ತಿಯ ಹುಟ್ಟೇ ಬೇರೆ. ಕಬ್ಬಿಣದ ಅಂಶವಿರುವ ಮರಳನ್ನು ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು, ಮೂರು ರಾತ್ರಿ ಬೇಯಿಸುತ್ತಾರೆ. ಕಲ್ಲಿದ್ದಲಿನಲ್ಲಿರುವ ಗಂಧಕ ಉಕ್ಕನ್ನು ಬಿಸಿಯಲ್ಲಿ ಬಿರುಕು ಬಿಡಿಸುತ್ತದೆ. ಇದ್ದಿಲಿನಲ್ಲಿ ಆ ಕಾಟ ಕಡಿಮೆ. ಈ ಮಾತು ಶಿವಮೊಗ್ಗದವರಿಗೆ ಹೊಸದಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ಭದ್ರಾವತಿಯಲ್ಲಿ 1923ರಲ್ಲಿ ಉರಿಯತೊಡಗಿದ ಊದುಕುಲುಮೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಮರಗಳಿಂದ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲೇ ಇರಲಿಲ್ಲವಲ್ಲ! ಜಪಾನಿನಲ್ಲೂ ನಂದಿಹೋಗಿದ್ದ ಹಳೆಯ ಕುಲುಮೆಯನ್ನು 1933ರಲ್ಲಿ ಮತ್ತೆ ಹೊತ್ತಿಸಿದ್ದು ಅಧಿಕಾರಿಗಳ ಕತ್ತಿಗಾಗಿಯೇ. ಯುದ್ಧ ಮುಗಿದಾಗ ಅದೂ ಆರಿತು.

ನಿಜವಾದ ಜಾಣ್ಮೆ ಹದ ಹಾಕುವುದರಲ್ಲಿದೆ. ಕಮ್ಮಾರ ಅಲಗಿಗೆ ಜೇಡಿಮಣ್ಣು ಮೆತ್ತುತ್ತಾನೆ, ಬೆನ್ನಿಗೆ ದಪ್ಪ, ಅಂಚಿಗೆ ತೆಳು. ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಅಂಚು ಥಟ್ಟನೆ ತಣಿದು ಮಾರ್ಟೆನ್‌ಸೈಟ್ ಎಂಬ ಗಡುಸು ರೂಪ ತಾಳುತ್ತದೆ. ನಿಧಾನ ತಣಿದ ಬೆನ್ನು ಮೆದುವಾಗಿ ಉಳಿದು ಹೊಡೆತ ತಾಳಿಕೊಳ್ಳುತ್ತದೆ. ಮಾರ್ಟೆನ್‌ಸೈಟ್ ಹೆಚ್ಚು ಜಾಗ ಬೇಡುವುದರಿಂದ ಅಂಚು ಹಿಗ್ಗಿ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಎರಡರ ನಡುವಿನ ಮಂಜುಮಂಜಾದ ಗೆರೆಗೆ ಜಪಾನಿಯರು ಹಾಮೊನ್ ಎನ್ನುತ್ತಾರೆ. ಕಾರ್ಖಾನೆಯ ಎಷ್ಟೋ ಕತ್ತಿಗಳನ್ನು ಎಣ್ಣೆಯಲ್ಲಿ ತಣಿಸಿ, ಆ ಗೆರೆಯನ್ನು ಆಮ್ಲದಿಂದ ಬರೆದದ್ದೂ ಉಂಟು. ಶುದ್ಧ ವೇಷ.

ಹಾಗೆಂದು ಸೇನೆಯ ಹಿಡಿ ಇರುವುದೆಲ್ಲ ಅಗ್ಗದ್ದು ಎನ್ನುವಂತಿಲ್ಲ. ಕೆಲವು ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೇನೆಯ ಹಿಡಿ ಹಾಕಿಸಿಕೊಂಡಿದ್ದರು. ಗುಟ್ಟು ತಿಳಿಯುವುದು ಬಿದಿರಿನ ಪುಟ್ಟ ಗೂಟ ತೆಗೆದು ಹಿಡಿ ಕಳಚಿದಾಗ. ಒಳಗಿನ ಉಕ್ಕಿನ ಬಾಲದ ಮೇಲೆ ಕಮ್ಮಾರನ ಸಹಿಯೋ ಕಾರ್ಖಾನೆಯ ಮುದ್ರೆಯೋ ಇರಬಹುದು. ಅಲ್ಲಿನ ಕಪ್ಪು ತುಕ್ಕಿನ ಬಣ್ಣ ನೋಡಿಯೇ ಬಲ್ಲವರು ಕತ್ತಿಯ ವಯಸ್ಸು ಅಂದಾಜಿಸುತ್ತಾರೆ. ಆದ್ದರಿಂದ ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕರೆ ಹುಣಸೆಹಣ್ಣು, ಉಪ್ಪುಕಾಗದ ಹಿಡಿದು ಆ ತುಕ್ಕನ್ನು ದಯವಿಟ್ಟು ಉಜ್ಜಬೇಡಿ.