ಕಾಡಿನಲ್ಲಿ ಬಿಟ್ಟುಬಂದ ಮಕ್ಕಳು

‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ ಕಥೆ ಶುರುವಾಗುವುದೇ ಹಸಿವಿನಿಂದ. ನಾಡಿಗೆ ಬರ ಬಂದಿದೆ, ಸೌದೆ ಕಡಿದು ಬದುಕುವವನ ಮನೆಯಲ್ಲಿ ತುತ್ತಿಗೂ ತತ್ವಾರ. ಮಕ್ಕಳಿಬ್ಬರನ್ನು ಕಾಡಿನಲ್ಲಿ ಬಿಟ್ಟುಬರೋಣ ಎಂದು ತಾಯಿ ರಾತ್ರಿ ಗಂಡನಿಗೆ ಹೇಳುತ್ತಾಳೆ. ಹಸಿವಿಗೆ ನಿದ್ದೆ ಬಾರದ ಮಕ್ಕಳು ಮಲಗಿದಲ್ಲೇ ಅದನ್ನು ಕೇಳಿಸಿಕೊಳ್ಳುತ್ತಾರೆ.

ಜರ್ಮನಿಯ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥಾಸಂಗ್ರಹದ ಮೊದಲ ಸಂಪುಟದಲ್ಲೇ ಈ ಕಥೆಯಿದೆ. ಹಳೆಯ ಯುರೋಪಿನ ಬಡವರಿಗೆ ಬರಗಾಲ, ಬಾಣಂತಿಯರ ಸಾವು, ಮಲತಾಯಿಯ ಕಾಟ ಯಾವುದೂ ಕಟ್ಟುಕಥೆಯಲ್ಲ. ಗ್ರಿಮ್ ಸಹೋದರರೂ ಕಷ್ಟ ಉಂಡವರೇ. 1796ರಲ್ಲಿ ತಂದೆ ತೀರಿಕೊಂಡಾಗ ಹಿರಿಯನಾದ ಯಾಕೋಬನಿಗೆ 11 ವರ್ಷ. ಅನುಕೂಲವಾಗಿದ್ದ ಸಂಸಾರ ಬಡತನಕ್ಕೆ ಬಿತ್ತು.

ಮೊದಲ ಆವೃತ್ತಿ ಮಕ್ಕಳಿಗೆ ತಕ್ಕದ್ದಲ್ಲ ಎಂಬ ಆಕ್ಷೇಪ ಬಂದದ್ದರಿಂದ ವಿಲ್ಹೆಲ್ಮ್ ಮುಂದಿನ ಆವೃತ್ತಿಗಳಲ್ಲಿ ಕಥೆಗಳನ್ನು ತಿದ್ದುತ್ತ ಹೋದ. ಸ್ನೋ ವೈಟ್‌ಳ ಹೆತ್ತತಾಯಿ 1819ರಲ್ಲಿ ಮಲತಾಯಿಯಾದಳು, ಹ್ಯಾನ್ಸೆಲನ ತಾಯಿ 1840ರಲ್ಲಿ. ಆದರೂ ಹಸಿವು, ಕಾಡು, ಮಕ್ಕಳನ್ನು ತಿನ್ನುವ ಮಾಟಗಾತಿ 1857ರ ಕೊನೆಯ ಆವೃತ್ತಿಯವರೆಗೂ ಉಳಿದುಕೊಂಡವು.

ಅವು ಉಳಿದದ್ದೇ ಒಳ್ಳೆಯದಾಯಿತು ಎಂದು ವಾದಿಸಿದವರಲ್ಲಿ ಮುಖ್ಯನಾದವನು ಮನೋವಿಶ್ಲೇಷಕ ಬ್ರೂನೋ ಬೆಟೆಲ್‌ಹೈಮ್. ವಿಯೆನ್ನಾದಲ್ಲಿ ಹುಟ್ಟಿದ ಆತ ನಾಜಿಗಳ ಡಾಖೌ, ಬುಖೆನ್‌ವಾಲ್ಡ್ ಶಿಬಿರಗಳಲ್ಲಿ ಸೆರೆಯಿದ್ದು, ಆಮೇಲೆ ಅಮೆರಿಕ ಸೇರಿದವನು. ಅಪ್ಪ ಅಮ್ಮ ಬಿಟ್ಟುಹೋದರೆ ಗತಿಯೇನು ಎಂಬ ದಿಗಿಲು ಕಥೆ ಕೇಳುವ ಮೊದಲೇ ಮಗುವಿನ ಮನಸ್ಸಿನಲ್ಲಿರುತ್ತದೆ, ಅದನ್ನು ಹೇಳಿಕೊಳ್ಳಲು ಮಾತು ಮಾತ್ರ ಇರುವುದಿಲ್ಲ ಎಂಬುದು 1976ರಲ್ಲಿ ಬಂದ ಅವನ ಪುಸ್ತಕದ ತಿರುಳು. ಕಥೆ ಆ ದಿಗಿಲಿಗೆ ಒಂದು ರೂಪ ಕೊಡುತ್ತದೆ, ಜೊತೆಗೆ ಪಾರಾಗುವ ದಾರಿಯನ್ನೂ ತೋರಿಸುತ್ತದೆ.

ಗ್ರೆಟೆಲಳನ್ನೇ ನೋಡಬಹುದು. ಮೊದಲು ಅವಳಿಗೆ ಅಳುವುದೊಂದೇ ಗೊತ್ತು. ಬೆಣಚುಕಲ್ಲು ಆಯ್ದು ದಾರಿಗುರುತು ಮಾಡುವವನು ಅಣ್ಣ. ಎರಡನೆಯ ಸಲ ಕಾಡಿಗೆ ಕರೆದೊಯ್ದಾಗ ಅವನು ಉದುರಿಸಿದ ರೊಟ್ಟಿಯ ಚೂರುಗಳನ್ನು ಹಕ್ಕಿಗಳು ತಿಂದುಬಿಡುತ್ತವೆ, ಅವನ ಜಾಣತನ ಸೋಲುತ್ತದೆ. ಅಣ್ಣ ಮಾಟಗಾತಿಯ ಸೆರೆಯಲ್ಲಿರುವಾಗ, ಒಲೆಯೊಳಗೆ ಹೋಗುವುದು ಹೇಗೆಂದು ತಿಳಿಯದವಳಂತೆ ನಟಿಸಿ, ತೋರಿಸಲು ಬಗ್ಗಿದ ಮುದುಕಿಯನ್ನು ಒಳಕ್ಕೆ ನೂಕುವವಳು ಗ್ರೆಟೆಲ್. ಮನೆಗೆ ಮರಳುವಾಗ ಅಡ್ಡ ಬಂದ ನೀರನ್ನು ದಾಟಿಸಲು ಬಾತುಕೋಳಿ ಸಿಗುತ್ತದೆ. ಇಬ್ಬರೂ ಒಟ್ಟಿಗೆ ಕೂತರೆ ಅದಕ್ಕೆ ಭಾರ, ಒಬ್ಬೊಬ್ಬರಾಗಿ ಹೋಗೋಣ ಎಂದು ತೀರ್ಮಾನಿಸುವವಳೂ ಅವಳೇ. ಧೈರ್ಯವಾಗಿರು ಎಂಬ ಬುದ್ಧಿವಾದ ಕಥೆಯಲ್ಲಿ ಎಲ್ಲಿಯೂ ಇಲ್ಲ; ಅಳುತ್ತಿದ್ದ ಹುಡುಗಿ ಬೆಳೆಯುವುದನ್ನು ಕೇಳುವ ಮಗು ತಾನೇ ಕಾಣುತ್ತದೆ. ಮಾಟಗಾತಿಯನ್ನೂ ಒಲೆಯನ್ನೂ ತೆಗೆದುಹಾಕಿದರೆ ಆ ಬೆಳವಣಿಗೆಗೆ ಕಾರಣವೇ ಉಳಿಯುವುದಿಲ್ಲ.

ಕನ್ನಡದ ಮಕ್ಕಳಿಗೆ ಇದೇ ಕೆಲಸವನ್ನು ಗೋವಿನ ಹಾಡು ಮಾಡುತ್ತ ಬಂದಿದೆ. ಹುಲಿಗೆ ಆಹಾರವಾಗಲು ಹೊರಟ ಪುಣ್ಯಕೋಟಿ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವಾಗ, ತಾಯಿಯನ್ನು ಕಳೆದುಕೊಳ್ಳುವ ಸಂಕಟ ಎಳೆಯ ಮಕ್ಕಳನ್ನೂ ನೇರವಾಗಿ ಮುಟ್ಟುತ್ತದೆ.

ಬೆಟೆಲ್‌ಹೈಮನ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಕಥೆಯ ಪ್ರತಿಯೊಂದು ವಿವರಕ್ಕೂ ಫ್ರಾಯ್ಡನ ಅರ್ಥ ಹಚ್ಚುವ ಅವನ ಚಪಲವನ್ನು ಹಲವು ವಿದ್ವಾಂಸರು ಟೀಕಿಸಿದ್ದಾರೆ. ಆದರೆ ಕಥೆಯ ಅರ್ಥವನ್ನು ಮಗುವಿಗೆ ಬಿಡಿಸಿ ಹೇಳಬಾರದು ಎಂಬ ಅವನ ಸಲಹೆ ಇಂದಿಗೂ ಬೆಲೆಯುಳ್ಳದ್ದು. ಕ್ರೌರ್ಯವಿರುವ ಕಥೆಯೆಲ್ಲ ಮಕ್ಕಳಿಗೆ ಹಿತವೆಂದೂ ಅಲ್ಲ. ಗ್ರಿಮ್ ಸಂಗ್ರಹದ್ದೇ ಆದ ‘ಮುಳ್ಳುಪೊದೆಯಲ್ಲಿ ಯಹೂದಿ’ ಕಥೆಯಲ್ಲಿ ಒಬ್ಬನನ್ನು ಮುಳ್ಳಿನಲ್ಲಿ ಕುಣಿಸಿ ಹಿಂಸಿಸುತ್ತಾರೆ, ಕೊನೆಗೆ ಗಲ್ಲಿಗೇರಿಸುತ್ತಾರೆ. ಅಲ್ಲಿ ಮಗುವಿನ ಭಯಕ್ಕೆ ಯಾವ ಉತ್ತರವೂ ಇಲ್ಲ, ಇರುವುದು ಒಂದು ಜನಾಂಗದ ಮೇಲಿನ ದ್ವೇಷ ಮಾತ್ರ.