ಎಣ್ಣೆಮರದ ಧರ್ಮ

ಮರಗಳೆಲ್ಲ ಕೂಡಿ ತಮಗೊಬ್ಬ ಅರಸನನ್ನು ಆರಿಸಿಕೊಳ್ಳಲು ಹೊರಟ ಕಥೆಯೊಂದು ಯೆಹೂದ್ಯರ ಧರ್ಮಗ್ರಂಥದಲ್ಲಿ ಬರುತ್ತದೆ. ಅವು ಮೊದಲು ಹೋದುದು ಆಲಿವ್ ಮರದ ಬಳಿಗೆ. ದೇವರಿಗೂ ಮನುಷ್ಯರಿಗೂ ಸಲ್ಲುವ ತನ್ನ ಎಣ್ಣೆಯನ್ನು ಬಿಟ್ಟು ಇತರ ಮರಗಳ ತಲೆಯ ಮೇಲೆ ಓಲಾಡುವ ಪದವಿ ತನಗೇತಕ್ಕೆಂದು ಅದು ನಿರಾಕರಿಸಿತು. ಅಂಜೂರವೂ ದ್ರಾಕ್ಷಿಯೂ ಒಲ್ಲೆವೆಂದವು. ಕಡೆಗೆ ಒಪ್ಪಿದುದು ಮುಳ್ಳಿನ ಪೊದೆ. ಒಪ್ಪಿದೊಡನೆಯೇ ತನ್ನ ನೆರಳಿಗೆ ಬಾರದವರನ್ನು ಸುಡುವೆನೆಂದು ಅದು ಬೆದರಿಸಿತು. ಸೋದರರ ರಕ್ತದಲ್ಲಿ ಕೈತೊಳೆದು ಶೆಖೆಮ್ ಪಟ್ಟಣದ ಅರಸನಾದ ಅಬೀಮೆಲೆಕನನ್ನು ಕುರಿತು, ಕೊಲೆಯಿಂದ ತಪ್ಪಿಸಿಕೊಂಡ ಕಿರಿಯ ತಮ್ಮನಾದ ಯೋತಾಮನು ಗೆರಿಜೀಮ್ ಬೆಟ್ಟದ ಮೇಲೆ ನಿಂತು ಕೂಗಿ ಹೇಳಿದ ಕಥೆಯಿದು. ಆ ಬೆಟ್ಟದ ಬುಡದಲ್ಲಿ ಇಂದು ನಾಬ್ಲುಸ್ ನಗರವಿದೆ. ಸುತ್ತಣ ಗುಡ್ಡಗಳಲ್ಲಿ ಈಗಲೂ ಆಲಿವ್ ತೋಪುಗಳೇ ಹಬ್ಬಿವೆ. ಆ ತೋಪುಗಳ ಸಲುವಾಗಿ ಈಗಲೂ ಕಲಹ ನಡೆದಿದೆ. ಈ ಮರಕ್ಕೆ ಯೆಹೂದ್ಯ ಧರ್ಮವು ಯಾವ ಸ್ಥಾನವನ್ನು ಕೊಟ್ಟಿತೆಂಬುದನ್ನು ವಿಚಾರಿಸಲು ಇದು ತಕ್ಕ ಕಾಲವೆಂದು ನಮಗೆ ತೋರುತ್ತದೆ.

ಕನ್ನಡ ಬೈಬಲಿನ ಭಾಷಾಂತರಕಾರರು ಇದನ್ನು ಎಣ್ಣೆಮರವೆಂದು ಕರೆದರು. ಹೆಸರು ಚೆನ್ನಾಗಿದೆ, ನಾವೂ ಅದನ್ನೇ ಬಳಸುವೆವು. ಸಸ್ಯಶಾಸ್ತ್ರಜ್ಞರು ಈ ಮರವನ್ನು ನಮ್ಮ ಮಲ್ಲಿಗೆ ಪಾರಿಜಾತಗಳ ಕುಟುಂಬಕ್ಕೇ ಸೇರಿಸುತ್ತಾರೆಂದರೆ ವಾಚಕರಿಗೆ ಸೋಜಿಗವಾದೀತು. ಆದರೆ ಮಲ್ಲಿಗೆಯ ಕೋಮಲತೆ ಇದರಲ್ಲಿ ಲೇಶವೂ ಇಲ್ಲ. ಕಲ್ಲುನೆಲದಲ್ಲಿ, ಮಳೆಯಿಲ್ಲದ ದೀರ್ಘ ಬೇಸಿಗೆಯನ್ನು ಸಹಿಸಿ, ಬಹು ನಿಧಾನವಾಗಿ ಬೆಳೆಯುವ ಮರವಿದು. ನೆಟ್ಟವನು ಫಲಕ್ಕಾಗಿ ಹಲವು ವರ್ಷ ಕಾಯಬೇಕು. ತುಂಬು ಫಲವನ್ನು ಉಣ್ಣುವವರು ಹೆಚ್ಚಾಗಿ ಮಕ್ಕಳು ಮೊಮ್ಮಕ್ಕಳೇ. ಒಂದು ವರ್ಷ ಹೇರಳವಾಗಿ ಕಾಯ್ತರೆ ಮರುವರ್ಷ ಕಡಿಮೆ. ಶತಮಾನಗಳು ಕಳೆದು ಕಾಂಡವು ಟೊಳ್ಳಾದರೂ ಬುಡದಿಂದ ಹೊಸ ಚಿಗುರುಗಳು ಏಳುವುವು. ಊಟಕ್ಕೆ ಸುತ್ತ ಕುಳಿತ ಮಕ್ಕಳನ್ನು ಕೀರ್ತನಕಾರನು ಹೋಲಿಸಿದುದು ಇವಕ್ಕೇ. ಕಾಯಿಯಂತೂ ಮರದಿಂದ ಕಿತ್ತೊಡನೆ ಬಾಯಿಗೆ ಇಡಲಾಗದಷ್ಟು ಕಹಿ.

ಈ ಕಹಿಯನ್ನು ಕುರಿತು ತಾಲ್ಮೂದಿನ ಪಂಡಿತರು ಒಂದು ಸ್ವಾರಸ್ಯವಾದ ಮಾತನ್ನು ಹೇಳಿದ್ದಾರೆ. ಜಲಪ್ರಳಯವು ಇಳಿಯುತ್ತ ಬಂದಾಗ ನೋಹನ ಪಾರಿವಾಳವು ಕೊಕ್ಕಿನಲ್ಲಿ ಕಚ್ಚಿ ತಂದುದು ಎಣ್ಣೆಮರದ ಎಲೆಯನ್ನು. ಜಗತ್ತೆಲ್ಲ ಅದನ್ನು ಶಾಂತಿಯ ಚಿಹ್ನೆಯೆಂದು ಬಲ್ಲದು. ಪಂಡಿತರು ಅದರಲ್ಲಿ ಕಂಡುದು ಬೇರೊಂದನ್ನು. ಮನುಷ್ಯನ ಕೈಯಿಂದ ಜೇನಿನಂತಹ ಸಿಹಿಯನ್ನು ಉಣ್ಣುವುದಕ್ಕಿಂತ ದೇವರ ಕೈಯಿಂದ ಈ ಎಲೆಯಂತಹ ಕಹಿಯನ್ನು ಉಣ್ಣುವುದೇ ಮೇಲೆಂದು ಆ ಹಕ್ಕಿಯು ಬಿನ್ನವಿಸಿತಂತೆ. ತಿಂಗಳುಗಟ್ಟಲೆ ನಾವೆಯಲ್ಲಿ ಅನ್ಯರ ಕೈಯೂಟವನ್ನು ಉಂಡ ಹಕ್ಕಿಯ ಮಾತಿದು. ಪರಾಧೀನತೆಯ ಅನ್ನದ ರುಚಿಯನ್ನು ಬಲ್ಲ ನಮ್ಮ ದೇಶದವರಿಗೆ ಇದರ ವ್ಯಾಖ್ಯಾನ ಬೇಕಾಗಿಲ್ಲ.

ಇನ್ನು ಎಣ್ಣೆಯ ವಿಚಾರ. ಜೆರೂಸಲೇಮಿನ ದೇವಾಲಯದ ಏಳು ಕವಲಿನ ದೀಪಸ್ತಂಭಕ್ಕೆ ಕುಟ್ಟಿ ತೆಗೆದ ಶುದ್ಧವಾದ ಎಣ್ಣೆಯೇ ಬೇಕೆಂದು ವಿಧಿಯಿತ್ತು. ಕಾಯನ್ನು ಒರಳಿನಲ್ಲಿ ಕುಟ್ಟಿ ಬುಟ್ಟಿಗೆ ಹಾಕಿದಾಗ, ಮೇಲೆ ಭಾರ ಹೇರುವ ಮೊದಲೇ ತಾನಾಗಿ ತೊಟ್ಟಿಕ್ಕಿದ ಎಣ್ಣೆ ದೀಪಕ್ಕೆ. ಆಮೇಲೆ ತೊಲೆಯಿಂದ ಒತ್ತಿ ಹಿಂಡಿದುದು ನೈವೇದ್ಯಕ್ಕೆ. ನಮ್ಮ ಮನೆಗಳಲ್ಲಿ ದೀಪದೆಣ್ಣೆಯೆಂದರೆ ಅಡಿಗೆಗೆ ಸಲ್ಲದ ಅಗ್ಗದ ಎಣ್ಣೆಯೆಂಬ ರೂಢಿಯುಂಟಷ್ಟೆ. ಅಲ್ಲಿ ಮೊದಲ ಹನಿಯೇ ಬೆಳಕಿಗೆ ಮೀಸಲು. ಅರಸರಿಗೂ ಯಾಜಕರಿಗೂ ಅಭಿಷೇಕವಾಗುತ್ತಿದ್ದುದು ಈ ಎಣ್ಣೆಯಿಂದಲೇ. ಮೆಸ್ಸೀಯನೆಂಬ ಶಬ್ದಕ್ಕೆ ಎಣ್ಣೆಯಿಂದ ಅಭಿಷಿಕ್ತನಾದವನೆಂದೇ ಅರ್ಥ. ಕುಟ್ಟಿದಲ್ಲದೆ ಎಣ್ಣೆಯನ್ನು ಬಿಡದ ಕಾಯಿಯಂತೆ ತಮ್ಮ ಜನಾಂಗವು ಸಂಕಟಕ್ಕೆ ಸಿಲುಕಿದಲ್ಲದೆ ಸನ್ಮಾರ್ಗಕ್ಕೆ ಬಾರದೆಂದು ಯೋಹಾನಾನ್ ಎಂಬ ಪಂಡಿತನು ಹೇಳಿದನು. ಬೇಸಿಗೆಯಲ್ಲಾಗಲಿ ಚಳಿಯಲ್ಲಾಗಲಿ ಎಲೆಯುದುರದ ಆ ಮರದಂತೆ ತಮ್ಮ ಜನಾಂಗಕ್ಕೆ ಅಳಿವಿಲ್ಲವೆಂದು ಯೆಹೋಶುವ ಬೆನ್ ಲೇವಿಯೆಂಬವನು ಹೇಳಿದನು. ದೇವಾಲಯವನ್ನು ಕಳೆದುಕೊಂಡ ಜನರಿಗೆ ಒಂದು ಮರವು ಕೊಟ್ಟ ಸಾಂತ್ವನವಿದು.

ಹಾಗೆಂದು ಈ ಧರ್ಮವು ಒಂದೇ ಮರಕ್ಕೆ ಕಟ್ಟುಬಿದ್ದುದಲ್ಲ. ಸಬ್ಬತ್ ದಿನದ ದೀಪಕ್ಕೆ ಎಣ್ಣೆಮರದ ಎಣ್ಣೆಯ ಹೊರತು ಬೇರೆ ಸಲ್ಲದೆಂದು ತರ್ಫೋನನೆಂಬ ಪಂಡಿತನು ಹಟಹಿಡಿದಾಗ ಮತ್ತೊಬ್ಬನು ಎದ್ದು ನಿಂತು, ಎಳ್ಳೆಣ್ಣೆಯ ಹೊರತು ಬೇರೇನನ್ನೂ ಕಾಣದ ಬಾಬಿಲೋನಿನವರ ಗತಿಯೇನೆಂದು ಕೇಳಿದನು. ಗೆದ್ದುದು ಎಳ್ಳೆಣ್ಣೆಯ ಪಕ್ಷವೇ. ನಮ್ಮ ನೆರೆಯ ಕೊಂಕಣದಲ್ಲಿ ಬಹುಕಾಲದಿಂದ ನೆಲಸಿದ ಬೆನೆ ಇಸ್ರಾಯೇಲರು ಎಣ್ಣೆಮರವನ್ನು ಕಾಣದೆಯೇ ಗಾಣವನ್ನು ನಡೆಯಿಸಿ ಬಾಳಿದರು. ಸಬ್ಬತ್ ದಿನ ಅವರ ಗಾಣವು ನಿಲ್ಲುತ್ತಿದ್ದುದರಿಂದ ಊರವರು ಅವರನ್ನು ಶನಿವಾರದ ಗಾಣಿಗರೆಂಬ ಅರ್ಥದಲ್ಲಿ ಶನಿವಾರ್ ತೇಲಿಗಳೆಂದು ಕರೆದರು.

ಎಣ್ಣೆಯ ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಹನುಕ್ಕಾ ಹಬ್ಬದ್ದು. ಕ್ರಿ. ಪೂ. 164ರಲ್ಲಿ ಮಕ್ಕಬೀಯರು ಗ್ರೀಕ್ ದೊರೆಯ ದಂಡನ್ನು ಹೊಡೆದೋಡಿಸಿ ದೇವಾಲಯವನ್ನು ಮರಳಿ ಶುದ್ಧಿಗೊಳಿಸಿದರು. ಆಗ ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂದು ತಾಲ್ಮೂದ್ ಹೇಳುತ್ತದೆ. ಮಕ್ಕಬೀಯರ ಚರಿತ್ರೆಯ ಗ್ರಂಥಗಳಲ್ಲಿಯಾದರೋ ಆ ಎಣ್ಣೆಯ ಸುದ್ದಿಯೇ ಇಲ್ಲ. ಕತ್ತಿಯ ಗೆಲವನ್ನು ದೀಪದ ಹಬ್ಬವನ್ನಾಗಿ ಮಾಡಿದವರು ಪಂಡಿತರು. ಅಷ್ಟೇ ಅಲ್ಲ, ಆ ಹಬ್ಬದ ಸಬ್ಬತ್ತಿನಂದು ಜಕರ್ಯ ಪ್ರವಾದಿಯ ದರ್ಶನವನ್ನು ಓದಬೇಕೆಂದು ಗೊತ್ತುಮಾಡಿದರು. ಆ ದರ್ಶನದಲ್ಲಿ ಚಿನ್ನದ ದೀಪಸ್ತಂಭದ ಎಡಬಲಗಳಲ್ಲಿ ಎರಡು ಎಣ್ಣೆಮರಗಳು ನಿಂತಿವೆ; ಅವುಗಳಿಂದ ಎಣ್ಣೆ ತಾನಾಗಿ ಹರಿದುಬರುತ್ತದೆ. ದಂಡಿನ ಬಲವನ್ನೂ ತೋಳಿನ ಬಲವನ್ನೂ ನೆಚ್ಚದೆ ದೈವಪ್ರೇರಣೆಯನ್ನೇ ನೆಚ್ಚಬೇಕೆಂಬುದು ಅದರ ಅರ್ಥವೆಂದು ದೇವದೂತನು ವಿವರಿಸಿದನು. ಇಸ್ರಾಯೇಲ್ ರಾಷ್ಟ್ರವು 1949ರ ಫೆಬ್ರವರಿಯಲ್ಲಿ ಸ್ವೀಕರಿಸಿದ ಲಾಂಛನದಲ್ಲಿ ದೀಪಸ್ತಂಭದ ಎರಡು ಕಡೆಗಳಲ್ಲಿಯೂ ಎಣ್ಣೆಮರದ ಕೊಂಬೆಗಳಿವೆ.

ಲಾಂಛನವನ್ನು ಬರೆಯುವುದು ಸುಲಭ. ಮರದ ವಿಷಯದಲ್ಲಿ ಮೋಶೆಯ ಧರ್ಮಶಾಸ್ತ್ರವು ಎರಡು ಕಠಿಣವಾದ ಕಟ್ಟಳೆಗಳನ್ನು ವಿಧಿಸಿದೆ. ಶತ್ರುವಿನ ಪಟ್ಟಣಕ್ಕೆ ಎಷ್ಟು ದಿನ ಮುತ್ತಿಗೆ ಹಾಕಿದರೂ ಅಲ್ಲಿಯ ಫಲವೃಕ್ಷಗಳಿಗೆ ಕೊಡಲಿಯಿಕ್ಕಕೂಡದೆಂಬುದು ಒಂದು. ಹನ್ನೆರಡನೆಯ ಶತಮಾನದಲ್ಲಿ ಮೈಮೊನಿದೇಸನು ಇದನ್ನು ವಿಸ್ತರಿಸಿ, ಪಾತ್ರೆಯೊಡೆಯುವುದು, ಬಟ್ಟೆ ಹರಿಯುವುದು, ಊಟೆಯನ್ನು ಮುಚ್ಚುವುದು ಇವೆಲ್ಲವೂ ನಿಷಿದ್ಧವೆಂದು ಬರೆದನು. ಎರಡನೆಯದು ಕೊಯ್ಲಿನದು. ಎಣ್ಣೆಮರವನ್ನು ಒಮ್ಮೆ ಬಡಿದು ಕಾಯುದುರಿಸಿದ ಮೇಲೆ ಮರಳಿ ಕೊಂಬೆಗಳನ್ನು ತಡಕಾಡಬಾರದು. ಉಳಿದುದು ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ ಸೇರಿದುದು. ಈ ಸಾಲಿನಲ್ಲಿ ಪರದೇಶಿಯ ಹೆಸರೇ ಮೊದಲು ಬರುವುದನ್ನು ವಾಚಕರು ಗಮನಿಸಬೇಕು.

ಇಸ್ರಾಯೇಲಿನ ಸೈನ್ಯವು 1967ರಿಂದ ಹಿಡಿದಿಟ್ಟುಕೊಂಡಿರುವ ಯೊರ್ದನ್ ನದಿಯ ಪಶ್ಚಿಮ ದಂಡೆಯಲ್ಲಿ, ಯೋತಾಮನು ಕೂಗಿದ ಬೆಟ್ಟದ ಆಸುಪಾಸಿನಲ್ಲಿಯೂ, ಅರಬ್ಬ ರೈತರ ಎಣ್ಣೆಮರಗಳಿಗೆ ಕೊಡಲಿ ಬೀಳುತ್ತಿದೆ. ಕೆಲವನ್ನು ರಕ್ಷಣೆಯ ನೆಪದಿಂದ ಸೈನ್ಯವು ಕೀಳಿಸಿತು. ಕೆಲವನ್ನು ಹೊಸದಾಗಿ ಬಂದು ನೆಲಸಿದವರಲ್ಲಿ ಕೆಲವರು ಕಡಿದರು, ಸುಟ್ಟರು. ಉಭಯ ಪಕ್ಷಗಳ ರಕ್ತಪಾತದ ಲೆಕ್ಕವನ್ನು ಇಲ್ಲಿ ತೆಗೆಯುವುದು ನಮ್ಮ ಉದ್ದೇಶವಲ್ಲ. ಆದರೆ ಮರವು ಯಾರನ್ನೂ ಕೊಂದುದಿಲ್ಲ. ರೈತರನ್ನು ಹಲ್ಲೆಯಿಂದ ಕಾಪಾಡುವ ಹೆಸರಿನಲ್ಲಿ ಅವರನ್ನು ಅವರ ತೋಪುಗಳಿಂದಲೇ ದೂರವಿಡುವ ಸೈನ್ಯದ ಕ್ರಮವನ್ನು ಐದು ಹಳ್ಳಿಗಳವರು ಪ್ರಶ್ನಿಸಿದಾಗ, ಇಸ್ರಾಯೇಲಿನ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ತಪ್ಪೆಂದಿತು. ಹಲ್ಲೆ ಮಾಡುವವರನ್ನು ತಡೆಯಬೇಕಲ್ಲದೆ ಒಡೆಯನನ್ನು ತಡೆಯುವುದಲ್ಲವೆಂದು ತೀರ್ಪಿತ್ತಿತು. ತೀರ್ಪು ಬಂದ ಮೇಲೆಯೂ ಹಲ್ಲೆಗಳು ನಿಂತಿಲ್ಲ. ಆ ಹಳ್ಳಿಗಳವರ ಜೊತೆಗೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರಲ್ಲಿ, ಮಾನವ ಹಕ್ಕುಗಳಿಗಾಗಿ 1988ರಲ್ಲಿ ಯೆಹೂದ್ಯ ಧರ್ಮಗುರುಗಳು ಕಟ್ಟಿದ ಸಂಘವೂ ಇದ್ದಿತು. ಶರತ್ಕಾಲದಲ್ಲಿ ಕಾಯಿ ಮಾಗಿದಾಗ ಆ ಸಂಘದವರು ಸ್ವಯಂಸೇವಕರೊಡನೆ ಆ ಗುಡ್ಡಗಳನ್ನು ಹತ್ತಿ, ಅರಬ್ಬ ರೈತನ ಮಗ್ಗುಲಲ್ಲಿ ನಿಂತು, ಅವನ ಮರದ ಕಾಯನ್ನು ಅವನ ಬುಟ್ಟಿಗೆ ತುಂಬುತ್ತ ಬಂದಿದ್ದಾರೆ.